ಹವಾಮಾನ ನವೋದ್ಯಮಗಳಿಗೆ ಹಣ: ಯಾರಿಗೆ ಸಿಗುತ್ತಿದೆ, ಯಾರಿಗೆ ಸಿಗುತ್ತಿಲ್ಲ

ಹೊಸೂರಿನ ನಮ್ಮ ಸದಸ್ಯರಿಗೆ ಹವಾಮಾನ ತಂತ್ರಜ್ಞಾನ ದೂರದ ಮಾತಲ್ಲ. ಏಥರ್ ಎನರ್ಜಿಯ ವಿದ್ಯುತ್ ಸ್ಕೂಟರ್ ಕಾರ್ಖಾನೆ ಅಲ್ಲೇ ಇದೆ. ಓಲಾ ಎಲೆಕ್ಟ್ರಿಕ್‌ನ ಕಾರ್ಖಾನೆ ಅದೇ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿದೆ. ಮಡಕಶಿರಾದವರು ಗಡಿ ದಾಟಿದರೆ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಸಿಗುತ್ತದೆ. ಈ ಕ್ಷೇತ್ರಕ್ಕೆ ದೊಡ್ಡ ಮೊತ್ತ ಹರಿಯುತ್ತಿರುವುದನ್ನು ನಾವೆಲ್ಲ ಕಣ್ಣಾರೆ ನೋಡುತ್ತಿದ್ದೇವೆ. ಆ ಹಣ ಯಾರ ಆಲೋಚನೆಗೆ ಸಿಗುತ್ತದೆ, ಯಾರ ಊರಿನ ತೊಂದರೆಗೆ ಸಿಗುತ್ತದೆ ಎಂಬುದು ಮಾತ್ರ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಗಡಿಯ ಆಚೆಗಿರುವ ನಮ್ಮ ಊರುಗಳ ಯುವಕ ಯುವತಿಯರಿಗೆ, ಮಹಿಳಾ ಸಂಘಗಳಿಗೆ, ರೈತ ಗುಂಪುಗಳಿಗೆ ನೆರವಾಗಲೆಂದು ಆ ಮಾಹಿತಿಯನ್ನು ಇಲ್ಲಿ ಒಟ್ಟು ಮಾಡಿದ್ದೇವೆ.

ಹವಾಮಾನ ನವೋದ್ಯಮ ಎಂದರೇನು

ಇದರಲ್ಲಿ ಎರಡು ಬಗೆ. ಮೊದಲನೆಯದು ಹೊಗೆ ಮತ್ತು ಇಂಗಾಲವನ್ನು ತಗ್ಗಿಸುವ ಉದ್ಯಮ: ವಿದ್ಯುತ್ ವಾಹನ, ಬ್ಯಾಟರಿ, ಸೌರ ವಿದ್ಯುತ್, ಜೈವಿಕ ಅನಿಲ. ಎರಡನೆಯದು ಈಗಾಗಲೇ ಬದಲಾಗಿರುವ ಮಳೆ ಬಿಸಿಲಿಗೆ ಹೊಂದಿಕೊಂಡು ಬದುಕಲು ನೆರವಾಗುವ ಉದ್ಯಮ: ಕಡಿಮೆ ನೀರಿನ ಬೇಸಾಯ, ಬೆಳೆ ಕೆಡದಂತೆ ಒಣಗಿಸುವ ಯಂತ್ರ, ಹಳ್ಳಿಯ ಶೀತಲ ಘಟಕ, ಭೂಕುಸಿತದ ಮುನ್ನೆಚ್ಚರಿಕೆ, ಬಿಸಿಲಿಗೆ ಕಾಯದ ಮನೆಯ ಸೂರು.

ಹಣದ ಬಹುಪಾಲು ಮೊದಲ ಬಗೆಗೆ ಹೋಗುತ್ತದೆ. ಕ್ಲೈಮೇಟ್ ಪಾಲಿಸಿ ಇನಿಶಿಯೇಟಿವ್ ಸಂಸ್ಥೆಯ ಲೆಕ್ಕದಂತೆ 2021 ಮತ್ತು 2022ರಲ್ಲಿ ಜಗತ್ತಿನಲ್ಲಿ ಹವಾಮಾನದ ಹೆಸರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 1.3 ಲಕ್ಷ ಕೋಟಿ ಡಾಲರ್ ಹರಿದಿತ್ತು. ಅದರಲ್ಲಿ ಹೊಂದಿಕೊಳ್ಳುವ ಕೆಲಸಕ್ಕೆ ಬಂದದ್ದು ಸುಮಾರು 6,300 ಕೋಟಿ ಡಾಲರ್, ಎಂದರೆ ಶೇ 5ರ ಆಸುಪಾಸು. ಭಾರತದ ನವೋದ್ಯಮಗಳಲ್ಲೂ ಹೂಡಿಕೆದಾರರ ದೊಡ್ಡ ಪಾಲು ವಿದ್ಯುತ್ ವಾಹನಗಳ ಕಡೆಗಿದೆ.

ನಮ್ಮ ಗಡಿನಾಡಿಗೆ ಹೆಚ್ಚು ಬೇಕಿರುವುದು ಎರಡನೆಯ ಬಗೆ. ಜತ್ತ ಮತ್ತು ಸೊಲ್ಲಾಪುರದ ಬರ, ರಾಯದುರ್ಗ ಮತ್ತು ಮಡಕಶಿರಾದ ಒಣ ಹೊಲ, 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆಗಳನ್ನು ಕೊಚ್ಚಿಕೊಂಡು ಹೋದ ಭೂಕುಸಿತ ಇವೆಲ್ಲ ಸ್ಕೂಟರಿನಿಂದ ಬಗೆಹರಿಯುವ ತೊಂದರೆಗಳಲ್ಲ. ತೊಂದರೆಯನ್ನು ಅನುಭವಿಸಿದವರು ಹಣ ಹಂಚುವ ಮೇಜಿನ ಯಾವ ಬದಿಯಲ್ಲೂ ಇಲ್ಲದಿದ್ದರೆ ಆ ತೊಂದರೆ ಪಟ್ಟಿಗೇ ಬರುವುದಿಲ್ಲ. ವೈವಿಧ್ಯದ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ.

ಹಣ ಬರುವ ಮೆಟ್ಟಿಲುಗಳು

ಮೊದಲ ಮೆಟ್ಟಿಲು ಸ್ವಂತ ಹಣ, ಮನೆಯವರ ಮತ್ತು ನೆಂಟರಿಷ್ಟರ ಹಣ. ಎರಡನೆಯದು ಅನುದಾನ. ಮಾದರಿ ಯಂತ್ರ ಮಾಡಲು ಸರ್ಕಾರ ಅಥವಾ ಪ್ರತಿಷ್ಠಾನ ಕೊಡುವ ಈ ಹಣವನ್ನು ಹಿಂತಿರುಗಿಸಬೇಕಿಲ್ಲ. ಮೂರನೆಯದು ಬೀಜ ಬಂಡವಾಳ. ನಾಲ್ಕನೆಯದು ಕಂಪನಿಯ ಷೇರಿನಲ್ಲಿ ಪಾಲು ಪಡೆದು ಸಾಹಸ ಬಂಡವಾಳ ನಿಧಿಗಳು ಹೂಡುವ ದೊಡ್ಡ ಹಣ. ಇದರ ಜೊತೆಗೆ ಬ್ಯಾಂಕ್ ಸಾಲ.

ಮೊಬೈಲ್ ಆ್ಯಪ್ ಮಾಡುವವರಿಗೆ ಒಂದೆರಡು ವರ್ಷದಲ್ಲಿ ಗಿರಾಕಿಗಳು ಸಿಗಬಹುದು. ಹವಾಮಾನದ ಕೆಲಸ ಹಾಗಲ್ಲ. ಯಂತ್ರ ಮಾಡಬೇಕು, ಒಂದು ಮುಂಗಾರು ಒಂದು ಹಿಂಗಾರು ಹೊಲದಲ್ಲಿ ಪರೀಕ್ಷಿಸಬೇಕು, ಕೆಟ್ಟರೆ ಸರಿಮಾಡಿ ಮತ್ತೊಂದು ಮುಂಗಾರಿಗೆ ಕಾಯಬೇಕು. ಅಲ್ಲಿಯವರೆಗೆ ಮನೆ ನಡೆಯಬೇಕು. ಆದ್ದರಿಂದ ಮನೆಯಲ್ಲಿ ಹಣವಿಲ್ಲದವರು ಈ ಕ್ಷೇತ್ರದಲ್ಲಿ ಬೇರೆ ಕ್ಷೇತ್ರಗಳಿಗಿಂತ ಬೇಗ ಹೊರಬೀಳುತ್ತಾರೆ. ಮೊದಲ ಮೆಟ್ಟಿಲನ್ನು ಏರಲಾಗದವರ ಹೆಸರು ನಾಲ್ಕನೆಯ ಮೆಟ್ಟಿಲಿನ ಅಂಕಿಅಂಶದಲ್ಲಿ ಕಾಣುವುದೇ ಇಲ್ಲ.

ಎಲ್ಲೆಲ್ಲಿ ತಡೆ

ಮೊದಲ ತಡೆ ಜಮೀನಿನ ಕಾಗದ. ಕರ್ನಾಟಕದಲ್ಲಿ ಪಹಣಿ, ಮಹಾರಾಷ್ಟ್ರದಲ್ಲಿ ಸಾತ್‌ಬಾರಾ ಉತಾರಾ, ತಮಿಳುನಾಡಿನಲ್ಲಿ ಪಟ್ಟಾ, ಆಂಧ್ರದಲ್ಲಿ ಅಡಂಗಲ್. ಹೆಸರು ಬೇರೆಯಾದರೂ ಬ್ಯಾಂಕ್ ಅಡಮಾನಕ್ಕೆ ಕೇಳುವುದು ಇದನ್ನೇ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಮಹಿಳೆಯರು ಶೇ 14ರಷ್ಟು ಮಾತ್ರ. ಕಾಗದವಿದ್ದವರಿಗೆ ಒಂದು ನ್ಯಾಯ, ಇಲ್ಲದವರಿಗೆ ಇನ್ನೊಂದು ಎಂಬುದಕ್ಕೆ ಪಾವಗಡವೇ ಸಾಕ್ಷಿ. ಸುಮಾರು 13,000 ಎಕರೆಯನ್ನು ಅಲ್ಲಿ ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂ. ಮೂಲ ದರದಲ್ಲಿ ಹಣ ಜಮೀನಿನ ಒಡೆಯರಿಗೆ ಸೇರುತ್ತದೆ. ರೈತರ ಜಮೀನು ರೈತರಲ್ಲೇ ಉಳಿಯಿತೆಂಬ ದೃಷ್ಟಿಯಿಂದ ಅದು ಒಳ್ಳೆಯ ಏರ್ಪಾಡು. ಆದರೆ ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ.

ಎರಡನೆಯ ತಡೆ ಪರಿಚಯ. ಹೂಡಿಕೆದಾರರು ಬಹುಪಾಲು ತಮಗೆ ಗೊತ್ತಿದ್ದವರ ಮೂಲಕ ಬಂದವರನ್ನೇ ಮೊದಲು ಭೇಟಿ ಮಾಡುತ್ತಾರೆ. ಒಂದೇ ಕಾಲೇಜು, ಒಂದೇ ಕಂಪನಿ, ಒಂದೇ ಬಡಾವಣೆ. ಇದು ಕೇಡಿನ ಬುದ್ಧಿಯಲ್ಲ, ರೂಢಿ. ಆದರೆ ರೂಢಿಯ ಫಲ ಒಂದೇ. ಭಾರತದ 1,000 ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳ ಬಗ್ಗೆ 2012ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ 93ರಷ್ಟು ಸದಸ್ಯರು ಮೇಲ್ಜಾತಿಗಳವರಾಗಿದ್ದರು. ಪರಿಶಿಷ್ಟ ಜಾತಿ ಮತ್ತು ಪಂಗಡದವರು ಶೇ 3.5ರಷ್ಟಿದ್ದರು. ಅದು ನವೋದ್ಯಮಗಳ ಲೆಕ್ಕವಲ್ಲ. ಆದರೆ ನವೋದ್ಯಮಗಳಿಗೆ ಹಣ ಹೂಡುವ, ಅವುಗಳ ಮೊದಲ ಗಿರಾಕಿಗಳಾಗುವ ಜನ ಇದೇ ವಲಯದವರು.

ಮೂರನೆಯ ತಡೆ ಕೇಳುವ ಪ್ರಶ್ನೆಯಲ್ಲಿದೆ. ಡಾನಾ ಕಾನ್ಜೆ ಮತ್ತು ಸಂಗಡಿಗರು ನ್ಯೂಯಾರ್ಕಿನ ಒಂದು ನವೋದ್ಯಮ ಸ್ಪರ್ಧೆಯ ಹಲವು ವರ್ಷಗಳ ಪ್ರಶ್ನೋತ್ತರಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದರು. ಗಂಡಸರಿಗೆ ಕೇಳಿದ ಪ್ರಶ್ನೆಗಳಲ್ಲಿ ಶೇ 67ರಷ್ಟು 'ಎಷ್ಟು ಬೆಳೆಸುತ್ತೀರಿ' ಎಂಬ ಜಾತಿಯವು. ಹೆಂಗಸರಿಗೆ ಕೇಳಿದವುಗಳಲ್ಲಿ ಶೇ 66ರಷ್ಟು 'ನಷ್ಟವಾಗದಂತೆ ಏನು ಮಾಡುತ್ತೀರಿ' ಎಂಬ ಜಾತಿಯವು. ಕೇಳುವವರಲ್ಲಿ ಹೆಂಗಸರಿದ್ದಾಗಲೂ ಹೀಗೇ ಆಗಿತ್ತು. ಅಮೆರಿಕದ ಸಾಹಸ ಬಂಡವಾಳದಲ್ಲಿ ಮಹಿಳೆಯರೇ ಸ್ಥಾಪಿಸಿದ ಕಂಪನಿಗಳಿಗೆ ಹಲವು ವರ್ಷಗಳಿಂದ ಸಿಗುತ್ತಿರುವುದು ಸುಮಾರು ಶೇ 2. ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ 2018ರಲ್ಲಿ ಅಲ್ಲಿಯ ನವೋದ್ಯಮಗಳ ಬಗ್ಗೆ ನಡೆಸಿದ ಅಧ್ಯಯನ ಇನ್ನೊಂದು ಮುಖ ತೋರಿಸಿತು: ಹೂಡಿದ ಪ್ರತಿ ಡಾಲರಿಗೆ ಮಹಿಳೆಯರು ಸ್ಥಾಪಿಸಿದ ಕಂಪನಿಗಳು 78 ಸೆಂಟ್ ಆದಾಯ ತಂದಿದ್ದರೆ, ಪುರುಷರು ಸ್ಥಾಪಿಸಿದವು 31 ಸೆಂಟ್ ತಂದಿದ್ದವು.

ನಾಲ್ಕನೆಯ ತಡೆ 'ನವೋದ್ಯಮ' ಎಂಬ ಪದದ ಅರ್ಥದಲ್ಲೇ ಇದೆ. ಕಾಸರಗೋಡು, ವಯನಾಡಿನವರು ದಿನವೂ ನೋಡುವ ಹರಿತ ಕರ್ಮಸೇನೆಯ ಹೆಂಗಸರು ಮನೆಮನೆಯ ಒಣ ಕಸ ಸಂಗ್ರಹಿಸುತ್ತಾರೆ, ಬೇರ್ಪಡಿಸುತ್ತಾರೆ, ಬಳಕೆದಾರರ ಶುಲ್ಕದಿಂದ ಸಂಸ್ಥೆ ನಡೆಸುತ್ತಾರೆ. ಇದು ಅಪ್ಪಟ ಹವಾಮಾನ ಕೆಲಸ. ಆದರೆ ಸ್ವಸಹಾಯ ಸಂಘವೊಂದು ನಿಯಮದಲ್ಲಿ ಹೇಳಿದ ನೋಂದಾಯಿತ ಸಂಸ್ಥೆಯ ರೂಪಕ್ಕೆ ಬದಲಾಗದೆ ಕೇಂದ್ರ ಸರ್ಕಾರದ ನವೋದ್ಯಮ ಮಾನ್ಯತೆ ಸಿಗುವುದಿಲ್ಲ. ಕೆಲಸ ಮಾಡುವವರು ಒಂದು ಕಡೆ, ಹಣ ಪಡೆಯಲು ಅರ್ಹವಾದ ರೂಪ ಇನ್ನೊಂದು ಕಡೆ.

ಪ್ರತಿಭೆ ಸಾಲದೇ ಎಂಬ ಪ್ರಶ್ನೆ

'ಒಳ್ಳೆಯ ಯಂತ್ರ ಮಾಡಿದವರಿಗೆ ಹಣ ಕೊಡಿ, ಅವರು ಯಾರೆಂದು ಏಕೆ ನೋಡಬೇಕು' ಎಂದು ನಮ್ಮ ಸದಸ್ಯರಲ್ಲೇ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೆಲವು ಉದ್ಯಮಗಳ ನಡೆಯಲ್ಲಿ ಸಿಗುತ್ತದೆ.

1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಗಳಿಗೆ ಸೌರ ದೀಪ ಕೊಂಡೊಯ್ದಾಗ ತೊಡಕಾದದ್ದು ದೀಪದ ತಂತ್ರಜ್ಞಾನವಲ್ಲ, ಕಂತಿನ ಲೆಕ್ಕ. ಸಂತೆಯಲ್ಲಿ ತರಕಾರಿ ಮಾರುವವರಿಗೆ ತಿಂಗಳಿಗೆ 300 ರೂ. ಭಾರ, ದಿನಕ್ಕೆ 10 ರೂ. ಹಗುರ ಎಂಬ ಪಾಠವನ್ನು ಹರೀಶ್ ಹಂದೆ ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ಮೊತ್ತ ಒಂದೇ, ಆದರೆ ದಿನದ ದುಡಿಮೆಯವರ ಲೆಕ್ಕ ತಿಂಗಳ ಸಂಬಳದವರಿಗೆ ಹೊಳೆಯುವುದಿಲ್ಲ. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಮಹಾರಾಷ್ಟ್ರದ ಎಸ್4ಎಸ್ ಟೆಕ್ನಾಲಜೀಸ್ ಮಾರುಕಟ್ಟೆಯಲ್ಲಿ ಬೆಲೆ ಸಿಗದ ಈರುಳ್ಳಿ, ಟೊಮೆಟೊ ಮುಂತಾದವನ್ನು ಸೌರ ಒಣಗಿಸುವ ಯಂತ್ರದಲ್ಲಿ ಒಣಗಿಸುವ ಉದ್ಯಮ. ಯಂತ್ರವನ್ನು ಹಳ್ಳಿಯ ಹೆಂಗಸರೇ ನಡೆಸುತ್ತಾರೆ, ಒಣಗಿಸಿದ ಮಾಲನ್ನು ಕಂಪನಿ ಕೊಳ್ಳುತ್ತದೆ. 2023ರಲ್ಲಿ ಇದಕ್ಕೆ 10 ಲಕ್ಷ ಪೌಂಡ್‌ಗಳ ಅರ್ಥ್‌ಶಾಟ್ ಪ್ರಶಸ್ತಿ ಬಂತು. ಹಿಂದಿನ ವರ್ಷ ಅದೇ ಪ್ರಶಸ್ತಿ ಪಡೆದ ತೆಲಂಗಾಣದ ಖೇತಿ ಸಂಸ್ಥೆ ಸಣ್ಣ ಹಿಡುವಳಿದಾರರಿಗೆಂದೇ ಕಡಿಮೆ ಬೆಲೆಯ ಹಸಿರುಮನೆ ರೂಪಿಸಿತ್ತು. ದೊಡ್ಡ ರೈತರ ಹಸಿರುಮನೆ ಬಹಳ ಹಿಂದಿನಿಂದ ಇತ್ತು. ಸಣ್ಣ ರೈತನ ಜೇಬು ಮತ್ತು ತುಂಡು ಹೊಲ ನೋಡಿ ಮಾಡಿದ್ದೇ ಹೊಸತು. ಬೆಂಗಳೂರಿನ ಹಸಿರು ದಳ ಚಿಂದಿ ಆಯುವವರನ್ನು ಸಂಘಟಿಸಿ, ಅವರಿಗೆ ಗುರುತಿನ ಚೀಟಿ ಸಿಗುವಂತೆ ಮಾಡಿ, ಅವರ ಕಸುಬಿನ ಅರಿವನ್ನೇ ಬಂಡವಾಳವಾಗಿ ನಿಲ್ಲಿಸಿತು.

ಈ ಉದ್ಯಮಗಳಿಗೆ ಪ್ರತಿಭೆ ಇತ್ತು. ಅದರ ಜೊತೆಗೆ ತೊಂದರೆಯ ಒಳಗಿದ್ದವರ ತಿಳಿವಳಿಕೆ ಸೇರಿತು. ಹೂಡಿಕೆದಾರರು ಹುಡುಕಬೇಕಾದ ವೈವಿಧ್ಯ ಇದು. ಇಲ್ಲಿ ಯಾರ ಮೇಲೂ ದಯೆ ತೋರಿಸುವ ಮಾತಿಲ್ಲ.

ಹೆಸರಿಗೆ ಪಾಲುದಾರರು, ನಿಜಕ್ಕೂ ಪಾಲುದಾರರು

ಕೇಂದ್ರದ ನವೋದ್ಯಮ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿ ಇದ್ದಾರೆ ಎಂದು ಸರ್ಕಾರ ಹೇಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನಿರ್ದೇಶಕಿಯಾಗಲು ಹೆಂಡತಿಯ ಅಥವಾ ಅಕ್ಕನ ಸಹಿ ಸಾಕು. ಸ್ಟ್ಯಾಂಡ್‌ಅಪ್ ಇಂಡಿಯಾ ಸಾಲದ ನಿಯಮ ಇದಕ್ಕಿಂತ ಬಿಗಿಯಾಗಿತ್ತು. ಮಹಿಳೆ ಅಥವಾ ಪರಿಶಿಷ್ಟ ಜಾತಿ, ಪಂಗಡದವರ ಕೈಯಲ್ಲಿ ಶೇ 51 ಷೇರು ಮತ್ತು ಸಂಸ್ಥೆಯ ಹಿಡಿತ ಇರಬೇಕೆಂದು ಅದು ಕೇಳಿತು.

ಹಲವು ದೇಶಗಳ ಅಭಿವೃದ್ಧಿ ಬ್ಯಾಂಕುಗಳು 2018ರಲ್ಲಿ ಆರಂಭಿಸಿದ 2ಎಕ್ಸ್ ಚಾಲೆಂಜ್‌ನ ಅಳತೆ ಇನ್ನೂ ವಿಸ್ತಾರವಾದದ್ದು. ಒಡೆತನ ಯಾರದು, ಮುಂದಾಳುಗಳು ಯಾರು, ಕೆಲಸ ಯಾರಿಗೆ, ಸರಕು ಪೂರೈಸುವವರು ಯಾರು, ಉತ್ಪನ್ನದಿಂದ ಪ್ರಯೋಜನ ಯಾರಿಗೆ ಎಂದು ಅದು ಬೇರೆಬೇರೆಯಾಗಿ ಕೇಳುತ್ತದೆ. ಪೋಚಂಪಳ್ಳಿಯ ಕಾರ್ಖಾನೆಯನ್ನು ಪೂರ್ತಿ ಮಹಿಳೆಯರೇ ನಡೆಸುತ್ತಾರೆ, 10,000ಕ್ಕೂ ಹೆಚ್ಚು ಮಹಿಳೆಯರಿಗೆ ಕೆಲಸ ಸಿಗುತ್ತದೆ ಎಂದು 2021ರಲ್ಲಿ ಓಲಾ ಪ್ರಕಟಿಸಿತ್ತು. ಅದು ಕೆಲಸದ ವೈವಿಧ್ಯ. ಒಡೆತನದ ವೈವಿಧ್ಯ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಸದ್ಯ ಇರುವ ದಾರಿಗಳು

ಯೋಜನೆಗಳ ಅವಧಿ, ಮೊತ್ತ, ನಿಯಮ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುನ್ನ ಆಯಾ ಇಲಾಖೆಯಲ್ಲಿ ಖಚಿತಪಡಿಸಿಕೊಳ್ಳಿ.

ಕೇಂದ್ರ ಸರ್ಕಾರ: 2021ರಲ್ಲಿ 945 ಕೋಟಿ ರೂ.ಗಳೊಂದಿಗೆ ಆರಂಭವಾದ ಸ್ಟಾರ್ಟ್‌ಅಪ್ ಇಂಡಿಯಾ ಬೀಜ ನಿಧಿ ಯೋಜನೆ ಇನ್‌ಕ್ಯುಬೇಟರ್‌ಗಳ ಮೂಲಕ ಮಾದರಿ ತಯಾರಿಕೆಗೆ 20 ಲಕ್ಷ ರೂ.ವರೆಗೆ ಅನುದಾನ, ಮಾರುಕಟ್ಟೆ ಪ್ರವೇಶಕ್ಕೆ 50 ಲಕ್ಷ ರೂ.ವರೆಗೆ ಸಾಲದ ರೂಪದ ನೆರವು ನಿಗದಿ ಮಾಡಿದೆ. ನೀರು, ಕಸ ನಿರ್ವಹಣೆ, ಕೃಷಿ, ಇಂಧನ ಇದರ ಆದ್ಯತೆಯ ಕ್ಷೇತ್ರಗಳಲ್ಲಿವೆ. ಪರಿಶಿಷ್ಟ ಜಾತಿಯ ಯುವಜನರಿಗಾಗಿ 2020ರಲ್ಲಿ ಆರಂಭವಾದ ಅಂಬೇಡ್ಕರ್ ಸೋಶಿಯಲ್ ಇನ್ನೋವೇಷನ್ ಅಂಡ್ ಇನ್‌ಕ್ಯುಬೇಷನ್ ಮಿಷನ್ ಮೂರು ವರ್ಷಗಳಲ್ಲಿ 30 ಲಕ್ಷ ರೂ. ಬಂಡವಾಳ ಕೊಡುವ ಏರ್ಪಾಡು. ಮೊದಲ ಬಾರಿ ಉದ್ಯಮಕ್ಕಿಳಿಯುವ 5 ಲಕ್ಷ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 2 ಕೋಟಿ ರೂ.ವರೆಗಿನ ಅವಧಿ ಸಾಲದ ಯೋಜನೆಯನ್ನು 2025ರ ಬಜೆಟ್‌ನಲ್ಲಿ ಪ್ರಕಟಿಸಲಾಗಿದೆ.

ಕೇರಳ: ಕೇರಳ ಸ್ಟಾರ್ಟ್‌ಅಪ್ ಮಿಷನ್‌ನ ಅನುದಾನಗಳು ಮತ್ತು ಮಹಿಳೆಯರ ಪ್ರತ್ಯೇಕ ಯೋಜನೆಗಳು. ಕಾಸರಗೋಡಿನ ಸಿಪಿಸಿಆರ್‌ಐನಲ್ಲಿ ತೆಂಗು, ಅಡಿಕೆ ಮುಂತಾದ ತೋಟದ ಬೆಳೆಗಳ ಉದ್ಯಮಗಳಿಗೆ ಇನ್‌ಕ್ಯುಬೇಟರ್ ಇದೆ.

ತಮಿಳುನಾಡು: ಸ್ಟಾರ್ಟ್‌ಅಪ್ ಟಿಎನ್ ಸಂಸ್ಥೆಯ ಟ್ಯಾನ್‌ಸೀಡ್ ಬೀಜ ನಿಧಿ 10 ಲಕ್ಷ ರೂ. ಕೊಡುತ್ತ ಬಂದಿದ್ದು, ಮಹಿಳೆಯರ ನೇತೃತ್ವದ, ಗ್ರಾಮೀಣ ಮತ್ತು ಹಸಿರು ತಂತ್ರಜ್ಞಾನದ ಉದ್ಯಮಗಳಿಗೆ 15 ಲಕ್ಷ ರೂ. ನಿಗದಿ ಮಾಡಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ನವೋದ್ಯಮ ನಿಧಿಗೆ ರಾಜ್ಯ 2022-23ರಲ್ಲಿ 30 ಕೋಟಿ ರೂ., ಮರುವರ್ಷ 50 ಕೋಟಿ ರೂ. ಇಟ್ಟಿತು. ತಾಳವಾಡಿಯವರಿಗೆ ಈರೋಡಿನ ಪ್ರಾದೇಶಿಕ ಕೇಂದ್ರ ಅನುಕೂಲ.

ಮಹಾರಾಷ್ಟ್ರ: 2024ರ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಮಹಿಳಾ ಸ್ಟಾರ್ಟ್‌ಅಪ್ ಯೋಜನೆಯಲ್ಲಿ ಮಹಿಳೆಯರ ನೇತೃತ್ವದ ನವೋದ್ಯಮಗಳಿಗೆ 1 ಲಕ್ಷದಿಂದ 25 ಲಕ್ಷ ರೂ.ವರೆಗೆ ನೆರವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರು ಗಮನಿಸಿ.

ತೆಲಂಗಾಣ: 2018ರ ಮಾರ್ಚ್ 8ರಂದು ಹೈದರಾಬಾದಿನಲ್ಲಿ ಆರಂಭವಾದ ವಿ ಹಬ್, ರಾಜ್ಯ ಸರ್ಕಾರವೇ ಮಹಿಳಾ ಉದ್ಯಮಿಗಳಿಗಾಗಿ ನಡೆಸುವ ಇನ್‌ಕ್ಯುಬೇಟರ್.

ಆಂಧ್ರ ಪ್ರದೇಶ: 2025ರಲ್ಲಿ ಆರಂಭವಾದ ರತನ್ ಟಾಟಾ ಇನ್ನೋವೇಷನ್ ಹಬ್‌ಗೆ ಅನಂತಪುರದಲ್ಲಿ ಉಪಕೇಂದ್ರವಿದೆ. ರಾಯದುರ್ಗ, ಮಡಕಶಿರಾದವರಿಗೆ ಹತ್ತಿರ.

ಗೋವಾ: ಸ್ಟಾರ್ಟ್‌ಅಪ್ ಮತ್ತು ಐಟಿ ಪ್ರೊಮೋಷನ್ ಸೆಲ್ ಈ ಕೆಲಸ ನೋಡಿಕೊಳ್ಳುತ್ತದೆ.

ಗಡಿನಾಡಿನವರಿಗೆ ವಿಶೇಷ ಎಚ್ಚರಿಕೆ

ಒಂದು, ನೋಂದಣಿ. ಕೇಂದ್ರದ ಮಾನ್ಯತೆ ಇಡೀ ದೇಶಕ್ಕೆ ನಡೆಯುತ್ತದೆ. ರಾಜ್ಯದ ಅನುದಾನ ಸಾಮಾನ್ಯವಾಗಿ ಆ ರಾಜ್ಯದಲ್ಲಿ ನೋಂದಾಯಿಸಿದವರಿಗೆ ಮಾತ್ರ. ಕರ್ನಾಟಕದ ಎಲಿವೇಟ್ ಯೋಜನೆ 50 ಲಕ್ಷ ರೂ.ವರೆಗೆ ಕೊಡುತ್ತದೆ, ಆದರೆ ಅದು ಕರ್ನಾಟಕದಲ್ಲಿ ನೋಂದಣಿಯಾದ ನವೋದ್ಯಮಗಳಿಗೆ. ಹೊಸೂರಿನಲ್ಲಿ ಕೆಲಸ, ಬೆಂಗಳೂರಿನಲ್ಲಿ ನೋಂದಣಿ ಎಂದಾದರೆ ತಮಿಳುನಾಡಿನ ನೆರವು ಕೈತಪ್ಪಬಹುದು. ಕಚೇರಿಯ ವಿಳಾಸ ತೀರ್ಮಾನಿಸುವ ಮುನ್ನ ಎರಡೂ ಕಡೆಯ ಲೆಕ್ಕ ಹಾಕಿ.

ಎರಡು, ಜಾತಿ ಪ್ರಮಾಣಪತ್ರ. ಪರಿಶಿಷ್ಟರ ಪಟ್ಟಿ ರಾಜ್ಯವಾರು. ಗಡಿಯ ಎರಡೂ ಬದಿಯಲ್ಲಿ ನೆಂಟರಿದ್ದರೂ ಒಂದು ಕಡೆ ಪಟ್ಟಿಯಲ್ಲಿದ್ದು ಇನ್ನೊಂದು ಕಡೆ ಇಲ್ಲದಿರಬಹುದು. ದಕ್ಷಿಣ ಕನ್ನಡದಲ್ಲಿ ಪರಿಶಿಷ್ಟ ಪಂಗಡವಾಗಿರುವ ಮರಾಟಿ ಸಮುದಾಯ ಕೇರಳದ ಪಟ್ಟಿಯಿಂದ ಕೆಲವು ವರ್ಷ ಹೊರಗಿದ್ದು, ಕಾಸರಗೋಡು ಮತ್ತು ಹೊಸದುರ್ಗ ತಾಲ್ಲೂಕುಗಳಿಗೆ 2013ರಲ್ಲಿ ಮತ್ತೆ ಸೇರಿತು. ನಿಮ್ಮ ರಾಜ್ಯದ ಈಗಿನ ಪಟ್ಟಿಯನ್ನೇ ನೋಡಿ.

ಮೂರು, ಭಾಷೆ. ಮೇಲೆ ಹೇಳಿದ ಯೋಜನೆಗಳು ಮಹಿಳೆ, ಜಾತಿ, ಗ್ರಾಮೀಣ ಎಂಬ ವರ್ಗಗಳನ್ನು ಗುರುತಿಸುತ್ತವೆ. ಭಾಷಾ ಅಲ್ಪಸಂಖ್ಯಾತರು ಎಂಬ ವರ್ಗ ಅವುಗಳಲ್ಲಿಲ್ಲ. ಕನ್ನಡದಲ್ಲಿ ಓದಿದ ಅಕ್ಕಲಕೋಟೆಯ ಹುಡುಗಿ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದು, ಅಧಿಕಾರಿಗಳೊಡನೆ ಮರಾಠಿಯಲ್ಲಿ ಮಾತಾಡಿ, ಹೂಡಿಕೆದಾರರಿಗೆ ಮತ್ತೆ ಇಂಗ್ಲಿಷಿನಲ್ಲೇ ವಿವರಿಸಬೇಕು. ಆಕೆಯ ಯಂತ್ರ ಚೆನ್ನಾಗಿದೆಯೇ ಎಂದು ತಿಳಿಯುವ ಮೊದಲೇ ಆಕೆಯ ಇಂಗ್ಲಿಷಿನ ಪರೀಕ್ಷೆ ಮುಗಿದಿರುತ್ತದೆ.

ನಮ್ಮ ಘಟಕಗಳು ಮಾಡಬಹುದಾದದ್ದು

ಅರ್ಜಿದಾರರು ತಮ್ಮ ವಿಚಾರವನ್ನು ಮೊದಲು ಕನ್ನಡದಲ್ಲೇ ಎರಡು ಪುಟ ಬರೆಯಲಿ. ಯಾರ ತೊಂದರೆ, ಈಗ ಅವರು ಏನು ಮಾಡುತ್ತಿದ್ದಾರೆ, ಯಂತ್ರದಿಂದ ಎಷ್ಟು ಉಳಿತಾಯ, ಎಷ್ಟು ಜನ ಹಣ ಕೊಟ್ಟು ಕೊಳ್ಳಲು ಸಿದ್ಧ ಎಂಬ ನಾಲ್ಕು ಉತ್ತರ ಅದರಲ್ಲಿರಲಿ. ಇಂಗ್ಲಿಷ್ ಮತ್ತು ಆಯಾ ರಾಜ್ಯಭಾಷೆ ಬಲ್ಲ ಹಿರಿಯರು ಅನುವಾದಕ್ಕೆ ಕೂರಲಿ. ನಮ್ಮಲ್ಲಿ ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ಲೆಕ್ಕಪರಿಶೋಧಕರು ಕಡಿಮೆಯಿಲ್ಲ. ಎರಡು ಮೂರು ಭಾಷೆಗಳ ನಡುವೆ ಬದುಕುವುದು ಗಡಿನಾಡಿನವರಿಗೆ ಹೊಸದಲ್ಲ. ಇಲ್ಲಿ ಅದೇ ನಮ್ಮ ಬಲ.

ಸಂದರ್ಶನಕ್ಕೆ ಮುನ್ನ ಪ್ರಶ್ನೋತ್ತರದ ಅಭ್ಯಾಸ ಮಾಡಿಸಿ. ಕಾನ್ಜೆಯವರ ಅಧ್ಯಯನದಲ್ಲೇ ಒಂದು ಕಿವಿಮಾತಿದೆ: ನಷ್ಟದ ಪ್ರಶ್ನೆ ಬಂದಾಗ ಅದಕ್ಕಷ್ಟೇ ಉತ್ತರಿಸಿ ನಿಲ್ಲಿಸದೆ, ಮಾತನ್ನು ಬೆಳವಣಿಗೆಯ ಕಡೆ ತಿರುಗಿಸಿದವರಿಗೆ ಹೆಚ್ಚು ಹಣ ಸಿಕ್ಕಿತ್ತು. 'ಗಿರಾಕಿಗಳು ಬಿಟ್ಟು ಹೋದರೆ?' ಎಂದು ಕೇಳಿದರೆ, ಅವರನ್ನು ಉಳಿಸಿಕೊಳ್ಳುವ ದಾರಿ ಹೇಳಿ, ಇನ್ನೂ ಎಷ್ಟು ಊರಿಗೆ ಹೋಗಬಹುದೆಂಬ ಲೆಕ್ಕವನ್ನೂ ಮುಂದಿಡಬೇಕು.

ಹಣ ಕೊಡುವವರನ್ನೂ ನಾವು ಕೇಳಬೇಕು. ಆಯ್ಕೆ ಸಮಿತಿಯಲ್ಲಿ ಯಾರಿದ್ದಾರೆ? ಅರ್ಜಿಯ ಕನ್ನಡ ಪ್ರತಿಯನ್ನು ಇಂಗ್ಲಿಷ್ ಸಾರಾಂಶದೊಡನೆ ಒಪ್ಪುತ್ತೀರಾ? ಸಂದರ್ಶನಕ್ಕೆ ಬರುವ ಪ್ರಯಾಣದ ಖರ್ಚು ಯಾರದು? ಮೊದಲ ಅನುದಾನ ಮುಗಿದ ಮೇಲೆ ಮುಂದಿನ ಮೆಟ್ಟಿಲಿಗೆ ಯಾರ ಪರಿಚಯ ಮಾಡಿಸುತ್ತೀರಿ? ಈ ಕೊನೆಯ ಪ್ರಶ್ನೆ ಮುಖ್ಯ. ಮಹಿಳೆಯರಿಗೆ, ಪರಿಶಿಷ್ಟರಿಗೆ ಇರುವ ಯೋಜನೆಗಳಲ್ಲಿ ಹಲವು ಮೊದಲ ಮೆಟ್ಟಿಲಿನ ಸಣ್ಣ ಮೊತ್ತದವು. ಮಾದರಿ ಯಂತ್ರ ತಯಾರಾಗಿ ಹೊಲಕ್ಕೆ ಇಳಿಯುವ ಹೊತ್ತಿಗೆ ಹಣ ಮುಗಿದಿರುತ್ತದೆ.

ಒಂದು ತಾಲ್ಲೂಕಿನಲ್ಲಿ ಒಬ್ಬರಾದರೂ ಈ ಮೆಟ್ಟಿಲುಗಳನ್ನು ಏರಿದರೆ, ಮುಂದಿನವರಿಗೆ ದಾರಿ ಕೇಳಲು ಮನೆಯ ಹತ್ತಿರವೇ ಒಬ್ಬರು ಇರುತ್ತಾರೆ. ನಮ್ಮ ಊರುಗಳಲ್ಲಿ ಸದ್ಯಕ್ಕೆ ಕೊರತೆ ಇರುವುದು ಅಂಥವರದೇ. ನಿಮ್ಮ ಊರಿನಲ್ಲಿ ನೀರು, ಕಸ, ಬೆಳೆ, ಬಿಸಿಲಿನ ತೊಂದರೆಗೆ ಸ್ವಂತ ಬುದ್ಧಿಯಿಂದ ಉಪಾಯ ಕಂಡುಕೊಂಡವರಿದ್ದರೆ, ಅವರು ಓದಿದವರಾಗಿರಲಿ ಬಿಡಲಿ, ಮೊದಲು ಅವರ ಕೆಲಸವನ್ನು ನೋಡಿ ಬನ್ನಿ, ಅವರ ಒಪ್ಪಿಗೆ ಪಡೆದು ನಿಮ್ಮ ಘಟಕಕ್ಕೆ ತಿಳಿಸಿ.